ಗುಡ್ಡದ ಈಚೆಯ ಜ್ವರ

“ಹತ್ತು ಅಂದ್ರೆ ಹತ್ತಬೇಕು, ಮುಂಡೇದೆ. ಮಗು ಸಾಯೋದಾದ್ರೆ ನಿಮ್ಮೂರಲ್ಲಿ ಸಾಯ್ಲಿ.”

ಜಲ್ಲಿ ಕ್ರಷರಿನ ಮೇಸ್ತ್ರಿ ಲಾರಿಯ ಬಾಗಿಲು ತೆರೆದು ನಿಂತಿದ್ದ. ಅವ್ವ ಮಗಳು ಗುಬ್ಬಿಯನ್ನು ಎದೆಗವಚಿಕೊಂಡಿದ್ದಳು. ಮಗುವಿನ ಕತ್ತು ಸೆಟೆದಿತ್ತು, ಬೆಳಕು ಬಿದ್ದರೆ ನರಳುತ್ತಿತ್ತು. ಮೆದುಳು ಜ್ವರವೆಂದರೆ ಏನೆಂದು ಆ ಶೆಡ್ಡುಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಬೇಸಿಗೆಯ ಧೂಳು ಎದ್ದರೆ ಸಾಕು, ಅದು ಹಾಜರು. ಕಿಟಕಿಯಿಲ್ಲದ ಒಂದೊಂದು ಶೆಡ್ಡಿನಲ್ಲಿ ಮೂರು ಮೂರು ಸಂಸಾರ. ಧೂಳು ಬರಬಾರದೆಂದು ಅವರೇ ಸಂದುಗೊಂದಿಗೆಲ್ಲ ಸಿಮೆಂಟ್ ಚೀಲ ತುರುಕಿ, ಒಬ್ಬರ ಉಸಿರನ್ನು ಒಬ್ಬರು ಕುಡಿದು ಮಲಗುತ್ತಿದ್ದರು. ಯಾರಾದರೂ ಹಾಸಿಗೆ ಹಿಡಿದರೆ ಮಾಲೀಕ ಮಹಾ ಧರ್ಮಾತ್ಮನಂತೆ ಖಾಲಿ ಲಾರಿ ಕೊಟ್ಟು ಗುಡ್ಡದಾಚೆಯ ಅವರ ಊರಿಗೆ ಸಾಗಿಸುತ್ತಿದ್ದ. ಹೆಣ ಅಲ್ಲೇ ಬೀಳುತ್ತಿತ್ತು. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಗುಡ್ಡದ ಆಚೆಯದು ರೋಗದ ಸೀಮೆ, ಈಚೆಯದು ಚೊಕ್ಕ ಸೀಮೆ. ಲಸಿಕೆಯೂ ಆಚೆಗೇ ಹೋಗುತ್ತಿತ್ತು, ಚುಚ್ಚಿಸಿಕೊಳ್ಳಬೇಕಾದವರು ಇಲ್ಲಿ ಕಲ್ಲು ಹೊರುತ್ತಿದ್ದರು.

ಅಂದು ಆರೋಗ್ಯ ಇಲಾಖೆಯ ಸಾಹೇಬರು ಬಂದು ಮಾಲೀಕನ ಆಫೀಸಿನಲ್ಲಿ ತಂಪು ಪಾನೀಯ ಕುಡಿಯುತ್ತಿದ್ದರು. ಮೇಸ್ತ್ರಿಯ ಆತುರ ಅದಕ್ಕೇ.

ಅವ್ವ ಲಾರಿಗೆ ಬೆನ್ನು ಹಾಕಿದಳು. ಮೇಸ್ತ್ರಿ ಅವಳ ಜಡೆಗೆ ಕೈ ಹಾಕಿದ. ಹಿಂದೆಯೇ ಬಂದ ಅತ್ತೆ ತಲೆಯ ಮೇಲಿನ ಬುಟ್ಟಿ ಜಲ್ಲಿಯನ್ನು ಅವನ ಕಾಲ ಮೇಲೇ ಸುರಿದಳು.

“ನನ್ ಮಗನ್ನ ಸಾಗಿಸ್ದಾಗ ಬಾಯಿ ಮುಚ್ಕೊಂಡಿದ್ದೆ. ಮೊಮ್ಮಗಳನ್ನ ಮುಟ್ಟಿ ನೋಡು, ನಾಯಿ.”

ಅವ್ವ ಆಫೀಸಿಗೆ ನುಗ್ಗಿ, ಮೊಳಕೈಯಿಂದ ಗ್ಲಾಸುಗಳನ್ನು ಸರಿಸಿ, ಗುಬ್ಬಿಯನ್ನು ಮೇಜಿನ ಮೇಲೆ ಮಲಗಿಸಿದಳು. ಸಾಹೇಬರು ಕರವಸ್ತ್ರ ಮೂಗಿಗೊತ್ತಿಕೊಂಡರು. ಇವರೆಲ್ಲ ಆಚೆಯವರು, ರೋಗ ಹೊತ್ತುಕೊಂಡೇ ಬರುತ್ತಾರೆ ಎಂದು ಮಾಲೀಕ ಹಲ್ಲುಕಿರಿದ.

“ಇವಳು ಹುಟ್ಟಿದ್ದೇ ನಿನ್ನ ಶೆಡ್ಡಲ್ಲಿ ಕಣೋ. ನಮ್ಮೂರಿನ ಮುಖಾನೇ ನೋಡಿಲ್ಲ.”

ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಸಿಟ್ಟು. ಬಾಗಿಲಿಗೆ ಚಿಲಕ ಹಾಕಿದಳು. ಕಿಟಕಿ ಮುಚ್ಚಿದಳು. ಫ್ಯಾನ್ ನಿಲ್ಲಿಸಿದಳು.

ಸಾಹೇಬರು ಗಡಬಡಿಸಿ ಎದ್ದು, ಕಿಟಕಿ ತೆಗಿ, ಇದು ಉಸಿರಿಂದ ಹರಡುತ್ತೆ ಎಂದು ಕೂಗಿದರು.

“ಗೊತ್ತಲ್ಲ? ಹಂಗಾದ್ರೆ ಆಂಬ್ಯುಲೆನ್ಸ್ ಕರೀರಿ. ಬರೋ ತನಕ ನಮ್ ಗಾಳಿನೇ ಕುಡೀರಿ.”

ಮಾಲೀಕ ಅವಳತ್ತ ಬಂದ. ಹೊರಗೆ ಕ್ರಷರ್ ನಿಂತಿತು. ಕಿಟಕಿಯಾಚೆ ಕೆಲಸ ಬಿಟ್ಟು ಬಂದು ಸೇರಿದ ಹೆಂಗಸರ ಮಾತು ಕೇಳಿತು, ಅವನು ಅಲ್ಲೇ ನಿಂತ.

ಸಾಹೇಬರು ಆಂಬ್ಯುಲೆನ್ಸಿಗೆ ಫೋನ್ ಮಾಡಿದರು. ಮೆದುಳು ಜ್ವರ ಅಂದರು. ಆ ಕಡೆಯವರು ಎಲ್ಲಿ ಅಂತ ಕೇಳಿರಬೇಕು. ಸಾಹೇಬರು ಮಾಲೀಕನ ಮುಖ ನೋಡಿದರು, ಮಗುವಿನ ಮುಖ ನೋಡಿದರು.

“ಇಲ್ಲೇ,” ಅಂದರು. “ಗುಡ್ಡದ ಈಚೆ.”

ಅವ್ವ ಚಿಲಕಕ್ಕೆ ಬೆನ್ನು ಕೊಟ್ಟು ನಿಂತೇ ಇದ್ದಳು.