ಒಳಗಿನ ಗಂಟು

ಆ ವಾರವೆಲ್ಲ ಯಮುನಕ್ಕ ಎಡಗೈಯಿಂದ ಮೂಗಿನ ಪಕ್ಕವನ್ನು ಮರೆಮಾಡಿಕೊಂಡೇ ಓಡಾಡುತ್ತಿದ್ದಳು. ಅಲ್ಲಿ ಹುಣಸೆಬೀಜದಷ್ಟು ದಪ್ಪನೆಯ ಮೊಡವೆ ಎದ್ದಿತ್ತು. ಅದಕ್ಕೆ ಬಾಯಿಯೇ ಇರಲಿಲ್ಲ; ಮುಟ್ಟಿದರೆ ಕಲ್ಲು. ನಾಲ್ಕು ದಿನ ಕಳೆದರೆ ಊರಿನ ಕಲಾಸಂಘದ ನಾಟಕ. ನಾಯಕಿ ಅವಳೇ; ತಿಂಗಳಿಂದ ಅಡುಗೆಮನೆಯಲ್ಲಿ ಕೂತು ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು.

ನನಗಾಗ ಹದಿಮೂರು. ಅಕ್ಕನ ಮೂಗಿನ ಮೇಲಿನ ಕಪ್ಪು ಚುಕ್ಕೆಗಳನ್ನೂ ಹಣೆಯ ಮೇಲಿನ ಅಕ್ಕಿನುಚ್ಚಿನಂಥ ಬಿಳಿ ಗುಳ್ಳೆಗಳನ್ನೂ ಎಷ್ಟೋ ಸಲ ಒತ್ತಿ ತೆಗೆದಿದ್ದೆ. ಆ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

"ಅಮ್ಮ ಸಂತೆಯಿಂದ ಬರೋದ್ರೊಳಗೆ ಇದನ್ನೂ ತೆಗೆದುಬಿಡೇ" ಎಂದು ಅಕ್ಕ ಕಣ್ಣು ಮುಚ್ಚಿ ಕುಳಿತಳು.

ಪಿನ್ನಿನಿಂದ ಚುಚ್ಚಿ ಒತ್ತಿದೆ. ಕೀವು ಬರಲಿಲ್ಲ, ರಕ್ತ ಬಂತು. ಇನ್ನೂ ಒತ್ತಿದೆ.

ಮರುದಿನ ಬೆಳಿಗ್ಗೆ ಕೆನ್ನೆ ಊದಿತ್ತು. ಮಧ್ಯಾಹ್ನದ ಹೊತ್ತಿಗೆ ಎಡಗಣ್ಣು ಮುಚ್ಚಿಹೋಗಿ ಮೈ ಸುಡತೊಡಗಿತು. ಅಮ್ಮ ನಮ್ಮಿಬ್ಬರನ್ನೂ ರಿಕ್ಷಾ ಹತ್ತಿಸಿದಳು. ದಾರಿಯುದ್ದಕ್ಕೂ ಅಕ್ಕನ ಕೈ ಮೂಗಿನ ಪಕ್ಕದಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ರೋಹಿಣಿ ಆ ಕೈಯನ್ನು ಮೆಲ್ಲಗೆ ಸರಿಸಿ, ಕಣ್ಣಿನ ರೆಪ್ಪೆಯೆತ್ತಿ ನೋಡಿದರು.

"ಎಲ್ಲ ಮೊಡವೇನೂ ಒಂದೇ ಅಲ್ಲಮ್ಮ" ಎಂದರು ಅಮ್ಮನಿಗೆ. "ಕಪ್ಪು ಚುಕ್ಕೆ, ಬಿಳಿ ಗುಳ್ಳೆ ಚರ್ಮದ ಮೇಲುಮೇಲಕ್ಕೇ ಇರುತ್ತೆ. ಕೆಂಪಗಾಗಿ ಕೀವು ತುಂಬೋದು ಇನ್ನೊಂದು ಬಗೆ. ಇದು ಆಳದ ಗಂಟು. ಒತ್ತಿದ್ರೆ ಹೊರಗೆ ಬರಲ್ಲ, ಒಳಗೇ ಒಡೆಯುತ್ತೆ. ಈ ಜಾಗದಲ್ಲಿ ನಂಜಾದ್ರೆ ಮಿದುಳಿಗೂ ಏರಬಹುದು. ಯಾರು ಚುಚ್ಚಿದ್ದು?"

ನಾನು ಅಮ್ಮನ ಬೆನ್ನ ಹಿಂದೆ ಸರಿದೆ.

"ನಾನೇ" ಎಂದಳು ಅಕ್ಕ.

"ಯಾವುದರಿಂದ?"

ಅಕ್ಕ ತೆರೆದಿದ್ದ ಒಂದೇ ಕಣ್ಣಿನಿಂದ ನನ್ನತ್ತ ನೋಡಿದಳು. ನಾನು ಯಾವುದರಿಂದ ಚುಚ್ಚಿದೆನೆಂದು ಅವಳು ನೋಡಿಯೇ ಇರಲಿಲ್ಲ.

"ಬೇಗ ಹೇಳು. ತುಕ್ಕು ಹಿಡಿದಿತ್ತಾ?"

"ನಾನು ಚುಚ್ಚಿದ್ದು" ಎಂದೆ. "ಕ್ಯಾಲೆಂಡರಿಗೆ ಸಿಕ್ಕಿಸಿದ್ದ ಪಿನ್ನು. ತುಕ್ಕು ಹಿಡಿದಿತ್ತು."

ಡಾಕ್ಟರು ತಿರುಗಿ ನರ್ಸಿಗೆ ಇನ್ನೊಂದು ಇಂಜೆಕ್ಷನ್ ಹೇಳಿದರು. ಅಮ್ಮ ಬೈಯಲಿಲ್ಲ. ನನ್ನ ಕೈಯನ್ನು ಹಿಡಿದವಳು ಡ್ರಿಪ್ ಹಾಕಿ ಮುಗಿಯುವವರೆಗೂ ಬಿಡಲಿಲ್ಲ.

ಎರಡು ದಿನ ಜ್ವರ ಇಳಿಯಲಿಲ್ಲ. ಮೂರನೆಯ ದಿನ ಅಕ್ಕನ ಕಣ್ಣು ಗೆರೆಯಷ್ಟು ತೆರೆಯಿತು. "ಇನ್ನು ಭಯವಿಲ್ಲ" ಎಂದರು ಡಾಕ್ಟರು. ಅಂದೇ ನಾಟಕ. ಅಕ್ಕನ ಪಾತ್ರವನ್ನು ಬೇರೊಬ್ಬಳು ಮಾಡುತ್ತಿದ್ದಳು.

ಸಂಜೆ ತೆರೆ ಏಳುವ ಹೊತ್ತಿಗೆ ಅಕ್ಕ ದಿಂಬಿಗೊರಗಿ ತನ್ನ ಪಾತ್ರದ ಮಾತುಗಳನ್ನು ಪಿಸುದನಿಯಲ್ಲಿ ಹೇಳಿಕೊಳ್ಳತೊಡಗಿದಳು. ಪಕ್ಕದ ಮಂಚದ ಮುದುಕಿ ಎದ್ದು ಕುಳಿತಳು. ಎರಡನೆಯ ಅಂಕದಲ್ಲಿ ಅಕ್ಕ ತಡವರಿಸಿ ನಿಂತಳು. ಕಿಟಕಿಯ ಬಳಿ ಕಿತ್ತಳೆ ಸುಲಿಯುತ್ತಿದ್ದ ಅಮ್ಮ, ತಲೆಯೆತ್ತದೆಯೇ, ಮುಂದಿನ ಸಾಲನ್ನು ಹೇಳಿಕೊಟ್ಟಳು.