ಬ್ಯಾನರಿನ ಹಿಂದೆ ನಡೆದ ರೇಸು

‘ಬೇಡ’ ಎನ್ನುವ ಮಾತನ್ನು ಬಾಯಲ್ಲಿಟ್ಟುಕೊಂಡೇ ನಾನು ಆ ಭಾನುವಾರ ಗೊಬ್ಬೂರಿನಿಂದ ಜೇವರ್ಗಿಗೆ ಹೊರಟಿದ್ದೆ. ನನ್ನ ಮಗಳು ಶಿವಗಂಗಾ ರೇಸಿನಲ್ಲಿ ಬೈಕ್ ಓಡಿಸುತ್ತಾಳೆ. ದೀಪಾವಳಿಯ ಹೊತ್ತಿಗೆ ಕಲಬುರಗಿಯಲ್ಲಿ ಬಿದ್ದು ಹೆಗಲ ಎಲುಬು ಮುರಿದುಕೊಂಡಳು. ಅದು ಕೂಡುವವರೆಗೆ ಅವಳಿಗೆ ತುತ್ತು ಮಾಡಿ ಉಣ್ಣಿಸಿದವಳು, ಹೆರಳು ಹಾಕಿದವಳು ನಾನು. ಇನ್ನು ರೇಸು ಸಾಕು ಎಂದದ್ದಕ್ಕೆ ಅವಳು, “ಯವ್ವಾ, ನಾ ಓಡ್ಸೂದು ನೀ ಒಮ್ಮೆರ ನೋಡೀಯೇನು? ನೋಡಿ ಆಮ್ಯಾಲ ಬ್ಯಾಡ ಅನ್ನು, ಬಿಟ್ಟಬಿಡ್ತೇನಿ” ಎಂದಳು.

ನನ್ನ ಗಂಡ ಸೈದಪ್ಪ ಅಡ್ಡಗೋಡೆಯ ಮೇಲೆ ದೀಪ ಇಡುವ ಮನುಷ್ಯ. “ನೀ ಕಣ್ಣಾರೆ ನೋಡಿ ಬಾ. ನೀ ಹೂಂ ಅಂದ್ರ ಮುಂದಿನ ತಿಂಗಳ ಸೋಲಾಪುರದ ರೇಸಿಗೂ ಹೋಗ್ಲಿ. ಬ್ಯಾಡ ಅಂದ್ರ ಇಲ್ಲಿಗೇ ಮುಗೀತು” ಎಂದು ಎಲ್ಲವನ್ನೂ ನನ್ನ ಕೊರಳಿಗೆ ಕಟ್ಟಿ, ಗಿರಣಿ ನೋಡಿಕೊಳ್ಳಲು ಊರಲ್ಲೇ ಉಳಿದ. ಹಿಟ್ಟಿನ ಗಿರಣಿ ನನ್ನದು. ಮನೆಮನೆಯ ಜೋಳದ ಚೀಲ ಬೈಕಿನ ಮೇಲೆ ಹೇರಿಕೊಂಡು ಬರುತ್ತಲೇ ಶಿವಗಂಗಾ ಗಾಡಿ ಕಲಿತದ್ದು. ಆ ಲೆಕ್ಕಕ್ಕೆ ಈ ಹುಚ್ಚು ಹತ್ತಿಸಿದವಳೂ ನಾನೇ ಎಂದು ಊರವರು ಆಡಿಕೊಳ್ಳುತ್ತಾರೆ.

ಜೇವರ್ಗಿ ದಾಟಿ ವಿಜಯಪುರದ ರಸ್ತೆಯಲ್ಲಿ ಸ್ವಲ್ಪ ಮುಂದೆ, ತೊಗರಿ ಕೊಯ್ದು ಬರಿದಾದ ಕಪ್ಪು ಎರಿ ಮಣ್ಣಿನ ಹೊಲದಲ್ಲಿ ರೇಸು ಇಟ್ಟಿದ್ದರು. ಇಟ್ಟವರು ಭೀಮಾತೀರ ಮೋಟಾರ್ ಕ್ಲಬ್ಬಿನವರು. ಹೊಲದ ಸುತ್ತ ಮಣ್ಣಿನ ದಾರಿ ಮಾಡಿ, ಹಗ್ಗ ಕಟ್ಟಿ, ಮೂಲೆಗೆ ಹಳೆ ಟೈರು ಪೇರಿಸಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಪೆಂಡಾಲಿಗೂ ಆ ದಾರಿಗೂ ನಡುವೆ ಒಂದು ವೇದಿಕೆ, ವೇದಿಕೆಯ ಹಿಂದೆ ಮನೆಯಷ್ಟು ದೊಡ್ಡ ಬ್ಯಾನರು. ಪೆಂಡಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತವರಿಗೆ ಬ್ಯಾನರಿನಲ್ಲಿದ್ದ ಮುಖಗಳು ಕಾಣುತ್ತಿದ್ದವೇ ಹೊರತು ಒಂದು ಗಾಡಿಯೂ ಕಾಣುತ್ತಿರಲಿಲ್ಲ.

ನಾನು ಪೆಂಡಾಲು ಬಿಟ್ಟು ತಿರುವಿನ ಹತ್ತಿರ ಹಗ್ಗದ ಬಳಿಗೆ ಹೋದೆ. ಅಲ್ಲಿ ಯಾಸ್ಮೀನ ಎನ್ನುವ ಹೆಣ್ಣುಮಗಳು ಚಾಪೆ ಹಾಸಿ ಕೂತಿದ್ದಳು. ಅವಳ ತಮ್ಮ ರಸೂಲನೂ ರೇಸಿನವನು, ಹಾಗಾಗಿ ಶಿವಗಂಗಾಳ ಪರಿಚಯವೂ ಇತ್ತು. “ಇಲ್ಲಿ ಕುಂದ್ರಿ ಅಕ್ಕಾ. ಗಾಡಿ ಹೆಂಗ ವಾಲ್ಸತಾರ ಅನ್ನೂದು ಇಲ್ಲೇ ಛಲೋ ಕಾಣ್ತದ” ಎಂದು ಜಾಗ ಕೊಟ್ಟಳು. ಶಿವಗಂಗಾ ದೂರದಿಂದಲೇ ನಾನು ಕೂತ ಜಾಗ ನೋಡಿ ಕೈ ಬೀಸಿದಳು.

ಹೆಣ್ಣುಮಕ್ಕಳ ರೇಸು ಮೊದಲು ಎಂದು ಹೇಳಿದ್ದರು. ಆದರೆ ಮುಖ್ಯ ಅತಿಥಿಗಳು ಅದನ್ನೇ ನೋಡಬೇಕಂತೆ, ಅವರು ಇನ್ನೂ ಬಂದಿಲ್ಲವಂತೆ, ಹಾಗಾಗಿ ಕೊನೆಗೆ. ಜೀಪುಗಳು ಓಡಿದವು. ಗಂಡುಹುಡುಗರು ಓಡಿಸಿದರು. ರಸೂಲನ ಗಾಡಿ ಅರ್ಧಕ್ಕೇ ಕೆಟ್ಟು ನಿಂತಿತು, ಯಾಸ್ಮೀನ ಅವನಿಗಿಂತ ಹೆಚ್ಚು ಗಾಡಿಗೆ ಬೈದಳು. ಧೂಳು ಎಷ್ಟೆಂದರೆ ಗಿರಣಿಯ ಹಿಟ್ಟು ಕುಡಿದು ರೂಢಿಯಿದ್ದ ನನಗೇ ಕೆಮ್ಮು ಬಂತು.

ಧೂಳು ಕೂರಿಸಲು ನೀರಿನ ಟ್ಯಾಂಕರ್ ತರಿಸಿದರು. ಟ್ಯಾಂಕರಿನವನು ನಳ ತಿರುವಿ, ಫೋನು ಕಿವಿಗಿಟ್ಟುಕೊಂಡು ಗೇಣುಗೇಣು ಗಾಡಿ ನಡೆಸಿದ. ಅವನ ಮಾತು ಮುಗಿಯುವಷ್ಟರಲ್ಲಿ ಅರ್ಧ ದಾರಿ ಕೆಸರಾಗಿತ್ತು. ಎರಿ ಮಣ್ಣು ಕೇಳಬೇಕೇ? ಮುಂದೆ ಬಂದ ಬೈಕಿನ ಗಾಲಿಗೆ ಮೆತ್ತಿಕೊಂಡು ಗಾಲಿಯೇ ತಿರುಗಲಿಲ್ಲ. ಹುಡುಗರು ಕುರ್ಪಿ ಹಿಡಿದು ಗಾಲಿ ಕೆರೆಯುತ್ತ ಕೂತರು. ನೆಲ ಒಣಗುವವರೆಗೆ ರೇಸು ಬಂದ್ ಎಂದು ಮೈಕಿನಲ್ಲಿ ಕೂಗಿದರು. ಹೊತ್ತಿಗೆ ಸರಿಯಾಗಿ ಗಿರಣಿ ಹಚ್ಚದಿದ್ದರೆ ನನ್ನೂರಿನ ಹೆಂಗಸರು ನನ್ನನ್ನು ಹುರಿದು ಮುಕ್ಕುತ್ತಾರೆ. ಇಲ್ಲಿ ಇಷ್ಟು ಜನ ಬಿಸಿಲಲ್ಲಿ ಕೂತು ನೆಲ ಒಣಗುವುದನ್ನು ನೋಡುತ್ತಿದ್ದರೂ ಕೇಳುವವರಿಲ್ಲ. ಮಗಳನ್ನು ಕರೆದುಕೊಂಡು ಎದ್ದು ಹೋಗಿಬಿಡೋಣ ಎಂದು ಎಷ್ಟು ಸಲ ಅನಿಸಿತೋ. ಆದರೆ ನೋಡದೆ ಬೇಡ ಎನ್ನುವ ಹಾಗಿರಲಿಲ್ಲ.

ಸಂಜೆ ಹತ್ತಿರವಾದಾಗ ನೆಲ ಒಣಗಿತು. ಅದೇ ಹೊತ್ತಿಗೆ ಅತಿಥಿಗಳ ಕಾರೂ ಬಂತು. ಹೆಣ್ಣುಮಕ್ಕಳು ಗಾಡಿ ತಳ್ಳಿಕೊಂಡು ಬಂದು ಸಾಲಾಗಿ ನಿಂತರು. ಶಿವಗಂಗಾ ಹೆಲ್ಮೆಟ್ ಹಾಕಿಕೊಂಡಳು. ಯಾಸ್ಮೀನ ನನ್ನ ಕೈ ಹಿಡಿದಳು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿ ಆಗಲೇ ಓಡಿ ಬಂದ. ಕ್ಲಬ್ಬಿನ ಅಧ್ಯಕ್ಷ ಕಲ್ಯಾಣಕುಮಾರ.

“ಗಂಗಾಬಾಯಿ ಅವರು ನೀವೇ ಹೌದಲ್ರಿ? ಲಗೂನ ಬರ್ರಿ, ಸ್ಟೇಜಿಗೆ.”

“ನಾ ಯಾಕ್ರಿ ಸ್ಟೇಜಿಗೆ?”

“ಮಗಳಿಗೆ ಇಂಥಾ ಧೈರ್ಯ ತುಂಬೀರಿ. ಆದರ್ಶ ತಾಯಿ ಅಂತ ನಿಮಗ ಸನ್ಮಾನ ಇಟ್ಟೇವ್ರಿ.”

“ನಿಮ್ಮ ಸನ್ಮಾನ ಆಮ್ಯಾಲ ಮಾಡ್ರಿ. ಮಗಳ ರೇಸು ನೋಡಾಕ ಬಂದೇನಿ ನಾ.”

“ಪೊಲೀಸರು ಐದರ ಮಟ ಅಷ್ಟೇ ಪರ್ಮಿಷನ್ ಕೊಟ್ಟಾರ್ರಿ. ಸಾಹೇಬ್ರೂ ಲಗೂ ಹೋಗಬೇಕು. ಶಾಲು ಹಾಕೂದಷ್ಟೇ, ಎರಡೇ ಮಿನಿಟು. ಅದು ಆದಕೂಡ್ಲೇ ರೇಸು ಬಿಡ್ತೇವಿ.”

ವೇದಿಕೆಯ ಮೇಲೆ ದೊಡ್ಡವರು ಎದ್ದು ನಿಂತು ಕರೆಯುವಾಗ ಬರುವುದಿಲ್ಲ ಎಂದರೆ ಮಗಳಿಗೆ ಎಲ್ಲಿ ತೊಂದರೆಯಾದೀತೋ ಎಂದು ಹೋದೆ. ಶಾಲು ಹಾಕಿದರು. ಹಾರ ಹಾಕಿದರು. ತಲೆ ಬಗ್ಗಿಸಿ ಇಳಿಯಬೇಕೆನ್ನುವಷ್ಟರಲ್ಲಿ ಕ್ಲಬ್ಬಿನ ಮಹಿಳಾ ಘಟಕದ ಮಧುಮತಿ ಅಡ್ಡ ಬಂದು, “ಬರೀ ಶಾಲು ಹಾಕಿ ಕಳಸಿದ್ರ ಹೆಂಗ್ರಿ? ಮುತ್ತೈದಿ ಹೆಣ್ಣುಮಗಳು, ಉಡಿ ತುಂಬಬೇಕ್ರಿ” ಎಂದರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಐದು ಜನ ಮುತ್ತೈದೆಯರು ಮೊರದಲ್ಲಿ ಅಕ್ಕಿ, ಖಣ, ಕೊಬ್ಬರಿ, ಅರಿಷಿಣ ಬೇರು, ಉತ್ತತ್ತಿ ಇಟ್ಟುಕೊಂಡು ತಯಾರಾಗಿ ನಿಂತಿದ್ದರು. ನಾನು ಸೆರಗು ಒಡ್ಡಿದೆ. ಒಡ್ಡದೆ ಏನು ಮಾಡಲಿ?

ಮೊದಲನೆಯ ಬೊಗಸೆ ಅಕ್ಕಿ ಸೆರಗಿಗೆ ಬಿತ್ತು. ಅದೇ ಗಳಿಗೆಯಲ್ಲಿ ಬ್ಯಾನರಿನ ಹಿಂದೆ ಗಾಡಿಗಳು ಒಮ್ಮೆಲೇ ಗುಡುಗಿದವು.

“ರೇಸು ಬಿಟ್ರೇನ್ರಿ?” ಎಂದೆ.

“ಟೈಮ್ ಇಲ್ರಿ ಅಮ್ಮಾ. ಎರಡೂ ಕೂಡೇ ಮುಗಿಲಿ” ಎಂದ ಕಲ್ಯಾಣಕುಮಾರ ನಗುತ್ತ.

ಉಡಿ ತುಂಬುವಾಗ ನಡುವೆ ಏಳಬಾರದು. ತುಂಬಿದ ಉಡಿ ಚೆಲ್ಲಬಾರದು. ಹುಟ್ಟಿದಾಗಿನಿಂದ ಕೇಳಿದ ಮಾತು. ಬೇರೆ ದಿನವಾಗಿದ್ದರೆ ಎದ್ದೇಬಿಡುತ್ತಿದ್ದೆನೋ ಏನೋ. ಆದರೆ ಅಲ್ಲಿ, ಆ ಬಟ್ಟೆಯ ಆಚೆ, ಒಮ್ಮೆ ಎಲುಬು ಮುರಿದುಕೊಂಡ ನನ್ನ ಮಗಳು ಗಾಡಿಯ ಮೇಲಿದ್ದಳು. ಅವಳು ಓಡುತ್ತಿರುವಾಗ ನನ್ನ ಉಡಿ ಚೆಲ್ಲುವುದೇ? ಕೂತೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪ ಎಂದುಕೊಂಡು ಕ್ಯಾಮೆರಾದವನು ಇನ್ನೂ ಹತ್ತಿರ ಬಂದ. ಮೈಕಿನಲ್ಲಿ ಮಧುಮತಿ ಸೋಬಾನೆ ಹಾಡತೊಡಗಿದರು. ಎರಡನೆಯ ಮುತ್ತೈದೆ ಬಗ್ಗಿ, ಸಾವಕಾಶ ಕುಂಕುಮ ಹಚ್ಚಿ, ಅಕ್ಕಿ ಹಾಕಿ, ಕ್ಯಾಮೆರಾ ನೋಡಿ ನಿಂತಳು. ಮೂರನೆಯವಳು ಕೊಬ್ಬರಿ ಬಟ್ಟಲು ಮರೆತು ಮತ್ತೆ ಮೊದಲಿನಿಂದ ಮಾಡಿದಳು. ಹಿಂದೆ ಗಾಡಿಗಳು ಒಂದು ಸುತ್ತು ಬಂದವು, ಇನ್ನೊಂದು ಸುತ್ತು ಹೋದವು. ಸದ್ದಿನಲ್ಲಿ ನನ್ನ ಮಗಳದು ಯಾವುದೆಂದು ಹುಡುಕುತ್ತ ನಾನು ಗೊಂಬೆಯ ಹಾಗೆ ಕೂತಿದ್ದೆ.

ನಾಲ್ಕನೆಯವಳು ಬಗ್ಗಿದಾಗ ತಿರುವಿನ ಕಡೆಯಿಂದ ಜನ ಕೂಗಿದರು. “ಬಿದ್ಲು! ಬಿದ್ಲು!”

“ಯಾಕಿ? ಯಾಕಿ ಬಿದ್ದಾಕಿ?” ಎಂದು ಚೀರಿದೆ. ಯಾರಿಗೂ ಗೊತ್ತಿಲ್ಲ. ಬ್ಯಾನರಿನ ಮುಂದೆ ಇದ್ದವರಿಗೆ ಗೊತ್ತಾಗುವುದಾದರೂ ಹೇಗೆ? “ಒಂದೇ ಉಳದದ ಕುಂದರ್ರಿ, ಅಪಶಕುನ ಮಾಡಬ್ಯಾಡ್ರಿ” ಎಂದು ಮಧುಮತಿ ಹೆಗಲು ಒತ್ತಿದರು. ನಾನು ಎದ್ದೆ. ಅಕ್ಕಿ, ಕೊಬ್ಬರಿ, ಉತ್ತತ್ತಿ ಎಲ್ಲ ವೇದಿಕೆಯ ತುಂಬ ಚೆಲ್ಲಿತು. ಪೆಂಡಾಲಿನಲ್ಲಿ ‘ಅಯ್ಯಯ್ಯೋ’ ಎಂದರು. ಬ್ಯಾನರಿನ ಅಡಿಯಲ್ಲಿ ನುಸುಳಿ, ಹಾರವನ್ನು ಕೊರಳಿನಿಂದ ಕಿತ್ತೊಗೆದು ತಿರುವಿನ ಕಡೆ ಓಡಿದೆ.

ಬಿದ್ದವಳು ಬೇರೆ ಹುಡುಗಿ. ಅವಳೂ ಆಗಲೇ ಎದ್ದು ಪ್ಯಾಂಟು ಝಾಡಿಸಿಕೊಳ್ಳುತ್ತಿದ್ದಳು. ನನ್ನ ಮಗಳು ಎಲ್ಲಿ ಎಂದು ಧೂಳಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ, ಆ ತುದಿಯಲ್ಲಿ ಕಪ್ಪು ಬಿಳುಪಿನ ಬಾವುಟ ಬೀಸುತ್ತಿದ್ದರು. ರೇಸು ಮುಗಿದಿತ್ತು.

ಶಿವಗಂಗಾ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಹಲ್ಲು ಬಿಟ್ಟರೆ ಮೋರೆಯಲ್ಲಿ ಬೇರೇನೂ ಬಿಳಿ ಉಳಿದಿರಲಿಲ್ಲ. “ಯವ್ವಾ, ಮೂರನೇ ನಂಬರ್! ನೋಡ್ದೇನು?”

ನೋಡಿದೆ ಎಂದು ಒಂದು ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

“ಇಲ್ಲ ಬೇ. ಉಡಿ ತುಂಬಾಕತ್ತಿದ್ರು.”

ಅವಳ ನಗು ಇಳಿಯಿತು. “ಒಂದೊಂದ ಸುತ್ತಿಗೂ ತಿರುವಿನ್ಯಾಗ ನಿನ್ನ ಹುಡಕಿದೆ. ಯಾಸ್ಮೀನ ಅಕ್ಕನ ಬಾಜೂಕ ಚಾಪಿ ಖಾಲಿ ಇತ್ತು. ನೋಡೂದು ಆಗಲಾರದ ಎದ್ದು ಹೋದೀ, ಮನಸಿನ್ಯಾಗ ಬ್ಯಾಡ ಅಂದಬಿಟ್ಟೀ ಅಂತ ತಿಳಕೊಂಡೆ.”

ಅಷ್ಟು ದೂರದಿಂದ ಬಂದು, ದಿನವಿಡೀ ಧೂಳು ಕುಡಿದು, ಕೊನೆಗೆ ನಾನು ಅವಳಿಗೆ ತೋರಿಸಿದ್ದು ಖಾಲಿ ಚಾಪೆಯನ್ನು! ಗಾಯದ ಮೇಲೆ ಬರೆ ಎಳೆಯಲು ಕಲ್ಯಾಣಕುಮಾರ ಹಾರ ಹಿಡಿದುಕೊಂಡು ಅಲ್ಲಿಗೂ ಬಂದ. “ಅಮ್ಮಾ, ತಾಯಿ ಮಗಳು ಕೂಡಿ ಒಂದು ಫೋಟೋ...”

“ನಿಮ್ಮ ಫೋಟೋಕ್ಕ ಬೆಂಕಿ ಹತ್ತಲಿ! ರೇಸು ಮಾಡಾಕತ್ತೀರೋ, ಸೀಮಂತ ಮಾಡಾಕತ್ತೀರೋ? ನನ್ನ ಮಗಳ ರೇಸು ವಾಪಸ್ ಕೊಡ್ತೀರೇನು?” ಎಂದು ಕೇಳಿದೆ. ಅವನು ಹಾರದ ಸಮೇತ ಹಿಂದೆ ಸರಿದ.

ಶಿವಗಂಗಾ ಹೆಲ್ಮೆಟ್ಟಿನ ಪಟ್ಟಿ ಎಳೆಯುತ್ತ, ಬಲು ಸಣ್ಣ ದನಿಯಲ್ಲಿ, “ಮತ್ತ ಅಪ್ಪಗ ಏನ್ ಹೇಳ್ತಿ?” ಎಂದಳು.

“ಏನ್ ಹೇಳ್ಲಿ? ನೋಡಲಾರದ ಬ್ಯಾಡ ಅನ್ನಾಕ ನನಗೇನು ಹುಚ್ಚು ಹಿಡದದೇನು? ಸೋಲಾಪುರಕ ನಾನೂ ಬರ್ತೇನಿ. ಅಲ್ಲಿ ನೋಡಿ ಹೇಳ್ತೇನಿ.”

ಅವಳು ನನ್ನನ್ನೇ ನೋಡಿದಳು. ನಾನು ನಿಜವಾಗಿ ಹೇಳುತ್ತಿದ್ದೇನೋ ಸಿಟ್ಟಿಗೆ ಹೇಳುತ್ತಿದ್ದೇನೋ ಅವಳಿಗೆ ತಿಳಿಯಲಿಲ್ಲ. ನನಗೂ ತಿಳಿದಿರಲಿಲ್ಲ.

“ಅಲ್ಲೂ ಯಾರರ ನಿನಗ ಉಡಿ ತುಂಬಿದ್ರ?”

“ತುಂಬಲಿ” ಎಂದೆ, ಸಿಟ್ಟು ಇನ್ನೂ ಇಳಿಯದೆ. “ಅದರ ಮುಂದಿನ ರೇಸಿಗೆ ಬಂದು ನೋಡ್ತೇನಿ.”