ಒಗೆಯಬಾರದ ಕಲೆ

ಸ್ಪ್ಯಾನರ್ ಆಗಲೇ ಗಾಲಿಯ ನಟ್ಟನ್ನು ಕಚ್ಚಿಕೊಂಡಿತ್ತು. ತಮ್ಮನು ಎರಡೂ ಕೈ ಹಾಕಿ ಇನ್ನೇನು ತಿರುಗಿಸಬೇಕು, ಅಷ್ಟರಲ್ಲಿ ಅಕ್ಕ ಒದ್ದೆ ಕೈಯಲ್ಲೇ ಓಡಿ ಬಂದು ಸ್ಪ್ಯಾನರಿನ ಮೇಲೆ ಅಂಗೈ ಇಟ್ಟಳು.

"ತಿರುಗಿಸಬೇಡ."

"ಕೈ ತೆಗಿ ಅಕ್ಕ. ಸಿಕ್ಕಿಹಾಕಿಕೊಂಡರೆ ಆಮೇಲೆ ನನ್ನನ್ನೇ ಬೈತೀಯ."

"ಒಂದು ಗಂಟೆ ತಡಿ. ಸ್ಟೋರ್ ಮೇಡಂ ಬರ್ತಿದ್ದಾರೆ. ಅವರು ಹೂಂ ಅಂದರೆ ಇಡೀ ಗಾಡಿ ಬಿಚ್ಚಿ ಹಗ್ಗದ ಮೇಲೆ ಒಣಗಿ ಹಾಕು, ನಾನೇ ಕ್ಲಿಪ್ ಕೊಡ್ತೀನಿ."

ತಮ್ಮ ಸ್ಪ್ಯಾನರ್ ಬಿಟ್ಟು ಕುಕ್ಕರುಗಾಲಲ್ಲಿ ಕೂತ. ಅಂಗಳದ ಆ ಕಡೆ, ಬಾಯ್ಲರ್ ಪಕ್ಕದಲ್ಲಿ ನಿಂತಿದ್ದ ಅವನ ಭಾವ ಆಕಾಶ ನೋಡಿದ.

ಇದು ಬೀದಿಯ ಕೊನೆಯ ಲಾಂಡ್ರಿ. ಮುಂದಿನ ಕೋಣೆಯಲ್ಲಿ ಎರಡು ಇಸ್ತ್ರಿ ಮೇಜು, ಹಿಂದೆ ಒಗೆಯುವ ಯಂತ್ರ, ಮಾಳಿಗೆಯ ಮೇಲೆ ಏಳು ಸಾಲು ಹಗ್ಗ. ಅಕ್ಕನನ್ನು ಊರೆಲ್ಲ ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತದೆ. ಅವಳ ಗಂಡ ಸೋಪಣ್ಣ. ಆ ಹೆಸರು ಅವನಿಗೆ ಸುಮ್ಮನೆ ಬಂದಿದ್ದಲ್ಲ. ಮದುವೆಮನೆಯಲ್ಲಿ ಊಟಕ್ಕೆ ಕೂತರೂ ಎಲೆ ನೋಡುವ ಮುಂಚೆ ಪಕ್ಕದವರ ಕಾಲರ್ ನೋಡುವ ಮನುಷ್ಯ ಅವನು.

ಗಾಡಿ ಮನೆಗೆ ಬಂದು ಮೂವತ್ತೆಂಟು ದಿನ. ಮುಂದೆ ಬೈಕು, ಹಿಂದೆ ಎರಡು ಗಾಲಿ, ಅದರ ಮೇಲೆ ಮುಚ್ಚಳವಿರುವ ದೊಡ್ಡ ಪೆಟ್ಟಿಗೆ. ಹೊಸ ಟ್ರೈಕ್. ಬೈಕಿಗೂ ಲಾರಿಗೂ ಹುಟ್ಟಿದ ಕೂಸು ಅಂತ ಸೋಪಣ್ಣ ಎಲ್ಲರಿಗೂ ತೋರಿಸುತ್ತಿದ್ದ. ಅದು ಬಂದಿದ್ದರಿಂದಲೇ ಆಸ್ಪತ್ರೆಯ ಕೆಲಸ ಸಿಕ್ಕಿದ್ದು. ಬೆಳಿಗ್ಗೆ ಆರಕ್ಕೆ ಒಗೆದ ಹಾಸಿಗೆ ಬಟ್ಟೆ ತಲುಪಿಸಬೇಕು, ಸಂಜೆ ನಾಲ್ಕಕ್ಕೆ ಕೊಳೆ ಬಟ್ಟೆ ತರಬೇಕು. ಮೊದಲ ಮೂರು ತಿಂಗಳು ಪರೀಕ್ಷೆ. ಒಂದೇ ತಿಂಗಳಲ್ಲಿ ಮೂರು ಸಲ ತಡವಾದರೆ ಕೆಲಸ ಬೇರೆಯವರಿಗೆ. ಈ ತಿಂಗಳು ಆಗಲೇ ಎರಡು ಸಲ ತಡವಾಗಿತ್ತು. ಎರಡು ಸಲವೂ ಗಾಡಿ ದಾರಿಯಲ್ಲಿ ನಿಂತಿದ್ದೇ ಕಾರಣ.

ಎಡಗಡೆಯ ಹಿಂಗಾಲಿ ತಕರಾರು ಮಾಡುತ್ತಿತ್ತು. ಮೊದಲ ಎರಡು ಕಿಲೋಮೀಟರ್ ಸಾಧುಪ್ರಾಣಿ. ಆಮೇಲೆ ಹಲ್ಲು ಕಡಿಯುವ ಹಾಗೆ ಕರಕರ ಸದ್ದು, ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿ. ಬೆಳಿಗ್ಗೆ ಎದ್ದು ನೋಡಿದರೆ ಗಾಲಿಯ ಒಳಮೈಯಲ್ಲಿ ಕಪ್ಪು ಎಣ್ಣೆ ಒಸರಿರುತ್ತಿತ್ತು.

ಹಾಗಾದರೆ ಮಾರಿದವರ ಹತ್ತಿರ ಹೋಗಲಿಲ್ಲವೇ ಅಂತ ನೀವು ಕೇಳಬಹುದು. ಹೋಗಿದ್ದರು. ಆದರೆ ಹೋಗುವ ಮುಂಚೆ ಸೋಪಣ್ಣ ಮಾಡಿದ ಕೆಲಸವನ್ನು ಲೋಕದಲ್ಲಿ ಲಾಂಡ್ರಿಯವನು ಮಾತ್ರ ಮಾಡಬಲ್ಲ. ಇನ್ನೊಬ್ಬರ ಬಾಗಿಲಿಗೆ ಕೊಳೆ ಮುಖ ಹೊತ್ತು ಹೋಗಬಾರದು ಅಂತ ಗಾಡಿಗೆ ಒಂದು ಗಂಟೆ ಸ್ನಾನ ಮಾಡಿಸಿದ. ಬಿಸಿನೀರು, ಸೋಡಾಪುಡಿ, ಬ್ರಷ್ಷು. ಗಾಲಿಯ ಒಳಮೈಯನ್ನು ಹಳೇ ದಿಂಬಿನ ಚೀಲದಿಂದ ಒರೆಸಿ ಒರೆಸಿ ಕನ್ನಡಿ ಮಾಡಿದ. ಶೋರೂಮಿನವರು ಬಗ್ಗಿ ಬೆರಳಾಡಿಸಿದರು. ಬೆರಳು ಶುಭ್ರವಾಗಿ ಹೊರಗೆ ಬಂತು. ಅಂಗಳದಲ್ಲಿ ಒಂದು ಸುತ್ತು ಓಡಿಸಿದರು. ಸರದಿ ಕಾಯುವಷ್ಟರಲ್ಲಿ ತಣ್ಣಗಾಗಿದ್ದ ಗಾಲಿ ತುಟಿ ಪಿಟಕ್ಕೆನ್ನಲಿಲ್ಲ. ಹೊಸ ಗಾಡಿ, ಓಡ್ತಾ ಓಡ್ತಾ ಸರಿ ಹೋಗುತ್ತೆ ಅಂತ ಬೆನ್ನು ತಟ್ಟಿ ಕಳಿಸಿದರು. ಒಂದು ಚೀಟಿ ಬರೆಯಲಿಲ್ಲ. ಇವರೂ ಕೇಳಲಿಲ್ಲ. ವಾಪಸ್ ಬರುವಾಗ ಎರಡನೇ ಕಿಲೋಮೀಟರಿಗೆ ಸರಿಯಾಗಿ ಕರಕರ ಶುರುವಾಯಿತು.

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ವೀರಭದ್ರ," ಅಂದಿದ್ದ ಸೋಪಣ್ಣ. "ವಾರಂಟಿ ಅನ್ನೋದು ಗಾಡಿ ಮಾರೋ ದಿನ ಹಾಡೋ ಜೋಗುಳ. ನಾವು ಮಲಗಿದ ಮೇಲೆ ಹಾಡೋನು ಎದ್ದು ಹೋಗ್ತಾನೆ."

ಅದಕ್ಕೇ ಇವತ್ತು ಭಾವಮೈದುನನಿಗೆ ಬುಲಾವ್ ಹೋಗಿದ್ದು. ಅವನಿಗೆ ಸ್ವಂತ ಗ್ಯಾರೇಜಿದೆ, ಕೈಯಲ್ಲಿ ಗುಣವಿದೆ. ಅರ್ಧ ದಿನದ ಕೆಲಸ, ನಾಳೆ ಬೆಳಿಗ್ಗೆ ಆರಕ್ಕೆ ಗಾಡಿ ಆಸ್ಪತ್ರೆ ಬಾಗಿಲಲ್ಲಿರುತ್ತೆ ಅಂತ ಮಾತು ಕೊಟ್ಟಿದ್ದ. ಸುಳ್ಳು ಹೇಳುವವನೂ ಅಲ್ಲ.

ಸ್ಟೋರ್ ಮೇಡಂ ಆಸ್ಪತ್ರೆಯಲ್ಲಿ ಬಟ್ಟೆಯ ಲೆಕ್ಕ ಇಡುವವರು. ಬಟ್ಟೆಯ ಜೊತೆಗೆ ಹನ್ನೊಂದು ಯಂತ್ರಗಳ ವಾರಂಟಿ ಕಾಗದಗಳೂ ಅವರ ಬೀರುವಿನಲ್ಲೇ ಇವೆ. ಬಂದವರು ಕುರ್ಚಿ ಕೊಟ್ಟರೂ ಕೂರಲಿಲ್ಲ. ಸೀದಾ ಗಾಲಿಯ ಹತ್ತಿರ ಬಗ್ಗಿ, ನಟ್ಟಿನ ಮೇಲಿಂದ ಅಚ್ಚಿನ ಮೇಲಕ್ಕೆ ಹಾದಿದ್ದ ಒಂದು ಸಣ್ಣ ಹಳದಿ ಬಣ್ಣದ ಗೆರೆ ತೋರಿಸಿದರು. ಕಾರ್ಖಾನೆಯಲ್ಲಿ ಬಿಗಿ ಮಾಡಿದ ಮೇಲೆ ಎಳೆಯುವ ಗೆರೆ ಅದು. ನಟ್ಟು ಒಂದು ಎಳ್ಳಿನಷ್ಟು ತಿರುಗಿದರೂ ಗೆರೆ ಎರಡಾಗುತ್ತದೆ. ಆಮೇಲೆ ಒಳಗೆ ಏನೇ ಹಾಳಾಗಿದ್ದರೂ ಹೊರಗಿನವರು ಬಿಚ್ಚಿದ್ದಾರೆ ಅಂತ ಕಂಪನಿ ಕೈ ತೊಳೆದುಕೊಳ್ಳುತ್ತದೆ.

ಗೆರೆ ತಾನೇ, ನಾನೇ ಮತ್ತೆ ಬಳಿತೀನಿ ಅಂದ ತಮ್ಮ.

"ಬಳಿಬಹುದು ಕಣಪ್ಪ. ನಿನ್ನ ಕೈ ಚೆನ್ನಾಗಿದೆ. ಆದರೆ ಕೇಳಿದಾಗ ಸುಳ್ಳು ಹೇಳೋದು ನಿನ್ನ ಅಕ್ಕ. ಅವಳಿಗೆ ಅದು ಬರಲ್ಲ," ಅಂದರು ಸ್ಟೋರ್ ಮೇಡಂ.

ತಮ್ಮ ನಕ್ಕ. ಸ್ಪ್ಯಾನರ್ ಚೀಲ ಸೇರಿತು.

ಮೇಡಂ ವಾರಂಟಿ ಪುಸ್ತಕ ಕೇಳಿದರು. ಅಕ್ಕ ಹೆಮ್ಮೆಯಿಂದ ತಂದು ಕೊಟ್ಟಳು. ರಟ್ಟು ಸುಕ್ಕಾಗಿದೆ ಅಂತ ಅದಕ್ಕೂ ಹದವಾಗಿ ಇಸ್ತ್ರಿ ಹಾಕಿಟ್ಟಿದ್ದಳು. ಒಂದು ಪುಟವನ್ನೂ ಓದಿರಲಿಲ್ಲ. ಈಗ ನಾಲ್ವರೂ ಇಸ್ತ್ರಿ ಮೇಜಿನ ಸುತ್ತ ನಿಂತು ಓದಿದರು. ಎಂಜಿನ್, ಗೇರು, ಹಿಂದಿನ ಅಚ್ಚು ಮತ್ತು ಅದರ ಬೇರಿಂಗಿಗೆ ಎರಡು ವರ್ಷ. ಸವೆಯುವ ಟೈರು, ಬ್ರೇಕಿನ ಪಟ್ಟಿಗೆ ಇಲ್ಲ. ಮೊದಲ ಸರ್ವಿಸ್ ಹೇಳಿದ ಸಮಯಕ್ಕೆ ಮಾಡಿಸಿ ಮುದ್ರೆ ಹಾಕಿಸಿರಬೇಕು. ಅದೊಂದು ಪುಣ್ಯಕ್ಕೆ ಆಗಿತ್ತು, ನೀಲಿ ಮುದ್ರೆ ಎದ್ದು ಕಾಣುತ್ತಿತ್ತು. ಹನ್ನೆರಡನೇ ಪುಟದಲ್ಲಿ ಒಂದು ಸಾಲು: ಗಾಲಿಯ ನಡುಭಾಗಕ್ಕೆ ಜೋರಾಗಿ ನೀರು ಬಿಡಬಾರದು.

ಸೋಪಣ್ಣನ ಮುಖ ಹಿಂಡಿದ ಬಟ್ಟೆಯಾಯಿತು. ಅವನು ಪೈಪು ಹಿಡಿದಿದ್ದ, ಒಂದು ಸಲ ಅಲ್ಲ. ಈ ವಿಷಯ ಶೋರೂಮಿನಲ್ಲಿ ಬಾಯಿ ಬಿಡೋದು ಬೇಡ ಅಂತ ಮೆಲ್ಲಗೆ ಹೇಳಿದ.

ಬಾಯಿ ಬಿಡಲೇಬೇಕು ಅಂದರು ಮೇಡಂ. ಎಣ್ಣೆ ಕಂಡಿದ್ದು ನೀರು ಬಿಡುವ ಮುಂಚೆಯೋ ಆಮೇಲೋ ಅಂತ ಕೇಳಿದರು. ಮುಂಚೆ ಅಂದ. ಕಲೆ ಕಂಡಿದ್ದಕ್ಕೆ ತಾನೇ ತೊಳೆದಿದ್ದು? ಹಾಗಿದ್ದರೆ ಅದನ್ನೇ ಹಾಗೇ ಹೇಳಿ ಅಂದರು.

"ನೋಡಿ ಸೋಪಣ್ಣ, ಜ್ವರ ಬಂದೋನು ಮಾತ್ರೆ ನುಂಗಿ, ಜ್ವರ ಇಳಿಸ್ಕೊಂಡು ಬಂದು ಡಾಕ್ಟರ ಮುಂದೆ ಕೂತರೆ ಏನಂತಾರೆ? ಏನೂ ಇಲ್ಲ, ಮನೆಗೆ ಹೋಗು ಅಂತಾರೆ. ನೀವು ಗಾಡಿಯ ಜ್ವರ ಒಗೆದು ಕರ್ಕೊಂಡು ಹೋಗಿದ್ದೀರಿ."

ಇನ್ನೊಂದು ಮಾತನ್ನೂ ಅವರು ಹೇಳಿದರು. ಆಸ್ಪತ್ರೆಯ ಜೊತೆ ಮಾಡಿಕೊಂಡ ಕರಾರನ್ನೂ ಅಕ್ಕ ಇಸ್ತ್ರಿ ಹಾಕಿ ಇಟ್ಟಿದ್ದಾಳೆಯೇ ಹೊರತು ಓದಿಲ್ಲ. ಗಾಡಿ ಕೆಟ್ಟು ರಿಪೇರಿಯಲ್ಲಿದ್ದರೆ, ಸರ್ವಿಸಿನವರ ಜಾಬ್ ಕಾರ್ಡ್ ತೋರಿಸಿದರೆ, ಆ ದಿನದ ತಡ ತಡವೇ ಅಲ್ಲ ಅಂತ ಅದರಲ್ಲಿದೆ. ಹಿಂದಿನ ಎರಡು ತಡಕ್ಕೆ ತೋರಿಸಲು ಕಾಗದವಿಲ್ಲ, ಅದು ಹೋಯಿತು. ಮೂರನೆಯದಕ್ಕಾದರೂ ಇರಲಿ. ಜಾಬ್ ಕಾರ್ಡ್ ಅಂದರೆ ಬೇರೇನಲ್ಲ, ಗಾಡಿ ಯಾವತ್ತು ಬಂತು, ಎಷ್ಟು ಓಡಿತ್ತು, ನೀವು ಏನು ದೂರು ಹೇಳಿದಿರಿ, ಅವರು ಏನು ಮಾಡಿದರು ಅಂತ ಬರೆದು ಸಹಿ ಹಾಕಿ ಕೊಡುವ ಚೀಟಿ. ಅದೇ ತೊಂದರೆ ಮತ್ತೆ ಮತ್ತೆ ಬಂದರೆ ಕಂಪನಿಯ ಎದುರು, ಕೊನೆಗೆ ಗ್ರಾಹಕರ ನ್ಯಾಯಾಲಯದ ಎದುರು ಇಡುವುದಕ್ಕೂ ಅದೇ ಚೀಟಿ ಬೇಕು.

"ಬರೀದೇ ಇದ್ದ ರಿಪೇರಿ ಆಗೇ ಇಲ್ಲ ಅಂದ್ಕೊಳ್ಳಿ," ಅಂತ ಹೇಳಿ ಮೇಡಂ ಸ್ಕೂಟರ್ ಹತ್ತಿದರು.

ಆಮೇಲಿನ ಎರಡು ದಿನ ಸೋಪಣ್ಣನಿಗೆ ಜೀವಮಾನದ ಶಿಕ್ಷೆ. ಶೋರೂಮಿನವರಿಗೆ ಕಲೆ ತೋರಿಸಬೇಕು, ಗಾಡಿ ತೊಳೆಯುವ ಹಾಗಿಲ್ಲ. ಬಟ್ಟೆಯನ್ನು ಹಳೇ ತಳ್ಳುಗಾಡಿಯಲ್ಲಿ, ನಸುಕಿಗೆ ಮುಂಚೆಯೇ ಹೊರಟು, ಎರಡೆರಡು ಸಲ ಸಾಗಿಸಿದರು. ಟ್ರೈಕನ್ನು ದಿನಕ್ಕೊಮ್ಮೆ ಖಾಲಿಯಾಗಿ ನಾಲ್ಕು ಕಿಲೋಮೀಟರ್ ಓಡಿಸಿ ತಂದು ನಿಲ್ಲಿಸುವುದು, ಗಾಲಿಯ ಕೆಳಗೆ ಹರಿದ ಹಾಸಿಗೆ ಬಟ್ಟೆಯ ಬಿಳಿ ತುಂಡು ಹಾಸುವುದು. ಬೆಳಿಗ್ಗೆ ಅಕ್ಕ ಆ ತುಂಡಿನ ಮೂಲೆಯಲ್ಲಿ ದಿನಾಂಕ ಬರೆಯುತ್ತಿದ್ದಳು. ಯಾರ ಬಟ್ಟೆ ಯಾರದು ಅಂತ ಗುರುತು ಹಾಕುವ ಶಾಯಿ ಅದು, ಎಷ್ಟು ಒಗೆದರೂ ಹೋಗದು. ಸದ್ದು ಹಿಡಿಯಲು ಸೋಪಣ್ಣ ಫೋನು ಕೈಯಲ್ಲಿಟ್ಟುಕೊಂಡು ಪೆಟ್ಟಿಗೆಯೊಳಗೆ ಕೂತ. ಭಾವಮೈದುನ ಓಡಿಸಿದ. ಬೀದಿಯವರು ಲಾಂಡ್ರಿಯವನನ್ನೇ ಒಗೆಯೋಕೆ ಹಾಕಿದ್ದೀರಾ ಅಂತ ಕೇಳಿದರು. ಧೂಳು ಹಿಡಿದ ಗಾಡಿಯ ಪಕ್ಕ ಹಾಯುವಾಗಲೆಲ್ಲ ಸೋಪಣ್ಣ ಸಾಲ ಕೊಟ್ಟವನನ್ನು ಕಂಡವನ ಹಾಗೆ ಮುಖ ತಿರುಗಿಸುತ್ತಿದ್ದ. ಒಮ್ಮೆ ಅವನ ಕೈ ತಾನಾಗಿಯೇ ಬಕೆಟ್ಟಿಗೆ ಹೋಯಿತು. ಅಕ್ಕ ಕೆಮ್ಮಿದಳು.

ಮನೆಗೆ ಹೊಸ ಗಾಡಿ ತಂದಿರುವವರೇ, ತರಬೇಕು ಅಂತಿರುವವರೇ, ಇಲ್ಲಿ ನಿಮಗೊಂದು ಮಾತು. ಆ ಪುಸ್ತಕವನ್ನು ಇವತ್ತೇ ಬೀರುವಿನಿಂದ ತೆಗೆಯಿರಿ. ಮುದ್ರೆ, ದಿನಾಂಕ ಸರಿಯಿದೆಯಾ ನೋಡಿ, ಓದು ಬಾರದಿದ್ದರೆ ಬರುವವರ ಪಕ್ಕದಲ್ಲಿ ಕೂತು ಓದಿಸಿ. ಗಾಡಿ ಕೆಟ್ಟರೆ ಕೆಟ್ಟ ಹಾಗೇ ಕರೆದುಕೊಂಡು ಹೋಗಿ. ಭಾವಮೈದುನ ಎಷ್ಟೇ ಜಾಣನಾಗಿರಲಿ, ಎರಡು ವರ್ಷ ಅವನಿಗೆ ಊಟ ಹಾಕಿ, ನಟ್ಟು ಮಾತ್ರ ಕೊಡಬೇಡಿ. ನಿಮ್ಮ ತಪ್ಪಿದ್ದರೆ ಮುಚ್ಚಿಡಬೇಡಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಬರೆದುಕೊಡಿ ಅನ್ನಿ. ಚೀಟಿಯಿಲ್ಲದೆ ಬಾಗಿಲು ದಾಟಬೇಡಿ. ಕೇಳುವುದು ಜಗಳವಲ್ಲ. ಗಾಡಿಯ ಜೊತೆ ಅದನ್ನೂ ನೀವು ಕೊಂಡಿದ್ದೀರಿ.

ಮೂರನೇ ದಿನ ಮಧ್ಯಾಹ್ನ ಗಂಡ ಹೆಂಡತಿ ಊರು ಸುತ್ತಿ, ಬೇಕೆಂದೇ ಆರು ಕಿಲೋಮೀಟರಿನ ದಾರಿ ಹಿಡಿದು ಶೋರೂಮಿಗೆ ಹೋದರು. ಮ್ಯಾನೇಜರ್ ಹೊರಗೆ ಬಂದು ನಗುತ್ತಲೇ ಗಾಲಿ ಮುಟ್ಟಿದ. ಕೈ ಹಿಂದಕ್ಕೆಳೆದುಕೊಂಡು ಬೆರಳು ಊದಿಕೊಂಡ. ಅಕ್ಕ ಮೇಜಿನ ಮೇಲೆ ಬಿಳಿ ತುಂಡುಗಳನ್ನು ಹರಡಿದಳು. ಮೊದಲ ದಿನದ ಕಲೆ ನಾಣ್ಯದಷ್ಟು, ಎರಡನೇ ದಿನದ್ದು ಅಂಗೈಯಷ್ಟು. ಆಮೇಲೆ ಫೋನಿನಲ್ಲಿ ಕರಕರ ಕೇಳಿಸಿದಳು.

ಮ್ಯಾನೇಜರ್ ಯಾವಾಗಲಾದರೂ ನೀರು ಬಿಟ್ಟಿದ್ದಿರಾ ಅಂತ ಕೇಳಿದ. ಅಕ್ಕ ಬಾಯಿ ತೆರೆಯುವ ಮುಂಚೆ ಸೋಪಣ್ಣನೇ ಎಲ್ಲ ಹೇಳಿಬಿಟ್ಟ, ಪೈಪು, ಸೋಡಾ, ದಿಂಬಿನ ಚೀಲ ಸಮೇತ. ಎಣ್ಣೆ ಮೊದಲು, ನೀರು ಆಮೇಲೆ ಅಂತ ಎರಡು ಸಲ ಹೇಳಿದ. ಮ್ಯಾನೇಜರನ ಮುಖ ಅರಳಿತು. ಹಾಗಾದರೆ ಇದು ವಾರಂಟಿಗೆ ಬರಲ್ಲವಲ್ಲ ಅಂದ.

"ಅದನ್ನ ಬಿಚ್ಚಿ ನೋಡಿದ ಮೇಲೆ ಹೇಳಿ," ಅಂದಳು ಅಕ್ಕ. "ನಮ್ಮ ಎದುರಿಗೇ ಬಿಚ್ಚಿ. ಜಾಬ್ ಕಾರ್ಡೂ ಬೇಕು."

ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡ ಹಿರಿಯ ಮೆಕ್ಯಾನಿಕ್ ಬಂದು ಹಳದಿ ಗೆರೆ ನೋಡಿ ತಲೆಯಾಡಿಸಿ, ಗಾಲಿ ಬಿಚ್ಚಿದ. ಒಳಗೆ ಎಣ್ಣೆ ಹೊರಗೆ ಬಾರದ ಹಾಗೆ ತಡೆಯುವ ರಬ್ಬರ್ ಬಳೆ ಒಂದು ಕಡೆ ಎದ್ದು ಒಂದು ಕಡೆ ಮುಳುಗಿ ಕೂತಿತ್ತು, ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿದ ಹಾಗೆ. ಅದರ ಹಿಂದಿನ ಬೇರಿಂಗ್ ಒಣಗಿ ನೀಲಿಗಟ್ಟಿತ್ತು. ಮುದುಕ ಉಳಿದಿದ್ದ ಗ್ರೀಸನ್ನು ಬೆರಳಲ್ಲಿ ತಿಕ್ಕಿ ಬೆಳಕಿಗೆ ಹಿಡಿದ.

"ನೀರಲ್ಲ ಸಾರ್. ನೀರಾಗಿದ್ದರೆ ಬೆಳ್ಳಗಾಗ್ತಿತ್ತು, ತುಕ್ಕು ಇರ್ತಿತ್ತು. ಇದು ಕೂರಿಸಿದೋನೇ ವಾರೆ ಕೂರಿಸಿದ್ದಾನೆ."

ಮ್ಯಾನೇಜರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. ಬಳೆ, ಬೇರಿಂಗ್ ಎರಡೂ ಡ್ರಾಯರಿನಲ್ಲೇ ಇವೆ. ಇಪ್ಪತ್ತು ನಿಮಿಷದಲ್ಲಿ ಹಾಕಿಸಿಕೊಡುತ್ತೇನೆ, ಪುಕ್ಕಟೆ. ಕಾರ್ಡು ಗೀರ್ಡು ಅಂತ ಹೊರಟರೆ ಫೋಟೊ ಕಂಪನಿಗೆ ಹೋಗಬೇಕು, ಅವರ ಉತ್ತರ ಬರಬೇಕು, ಸಂಜೆ ಆದರೂ ಆಯಿತು, ನಾಳೆ ಆದರೂ ಆಯಿತು. ನಿಮಗೆ ಗಾಡಿ ಸಿಕ್ಕರೆ ಸಾಕು ತಾನೇ?

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ನಾಲ್ಕಕ್ಕೆ ಆಸ್ಪತ್ರೆಯ ಹಿಂಬಾಗಿಲಲ್ಲಿ ಕೊಳೆ ಬಟ್ಟೆಯ ಮೂಟೆಗಳು ಕಾಯುತ್ತವೆ. ಅಕ್ಕ ಗಡಿಯಾರ ನೋಡಿದಳು, ಗಾಲಿ ನೋಡಿದಳು. ಎರಡು ದಿನ ತಳ್ಳುಗಾಡಿ ತಳ್ಳಿದ ಭುಜ ನೋಯುತ್ತಿತ್ತು. ಆಯ್ತು ಅನ್ನುವ ಮಾತು ತುಟಿಯವರೆಗೂ ಬಂದಿತ್ತು.

"ಇಪ್ಪತ್ತೇ ನಿಮಿಷ, ಯಜಮಾನ್ರೇ," ಅಂದ ಮ್ಯಾನೇಜರ್ ಸೋಪಣ್ಣನ ಕಡೆ ತಿರುಗಿ.

ಸೋಪಣ್ಣ ಗೋಡೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಧೂಳನ್ನೂ ಒರೆಸದೆ ಅದರ ಮೇಲೆ ಕೂತ.

"ಬೇಡ," ಅಂದ. "ನಾಳೆವರೆಗೂ ಕೂತಿರ್ತೀನಿ. ಕಾರ್ಡ್ ಬರೀರಿ."